ಹೆಬ್ಬಾತಿನ ಬಾಣಂತನ

"ಒಂದು ಹೆಬ್ಬಾತು ಮಾಡೋ ಕೆಲಸ ನನ್ನಿಂದ ಆಗಲ್ವಾ? ಅದಕ್ಕೆ ಗಡಿಯಾರ ನೋಡೋಕೂ ಬರಲ್ಲ!"

ಗಡಿಯಾರ ರಿಪೇರಿಯವನು ಹೀಗೆಂದು ಘೋಷಿಸಿದಾಗ ಅವನ ಕೈಯಲ್ಲೊಂದು ಬುಟ್ಟಿ, ಬುಟ್ಟಿ ತುಂಬ ಒಣಹುಲ್ಲು, ಹುಲ್ಲಿನ ನಡುವೆ ಮುಷ್ಟಿಗಿಂತ ದಪ್ಪದ ಬಿಳಿ ಮೊಟ್ಟೆಗಳು. ಕೆರೆಯ ಪಕ್ಕದಲ್ಲಿರುವ ಹಾಲಿನವಳ ಹೆಣ್ಣು ಹೆಬ್ಬಾತನ್ನು ನಾಯಿ ಹಿಡಿದು ಕೊಂದಿತ್ತು. ಅಂದಿನಿಂದ ಗಂಡುಹಕ್ಕಿ ಮೇವು ಮುಟ್ಟದೆ, ನೀರಿಗೆ ಇಳಿಯದೆ, ಗೂಡಿನ ಮುಂದೆ ಕುತ್ತಿಗೆ ಬಗ್ಗಿಸಿ ನಿಂತುಬಿಟ್ಟಿತ್ತು. ನೋಡಿ ಕರಗಿಹೋದ ಇವನು, "ನಿನ್ನ ಮಕ್ಕಳನ್ನ ನಿನಗೇ ತಂದು ಒಪ್ಪಿಸ್ತೀನಪ್ಪ" ಎಂದು ಹಕ್ಕಿಗೇ ಮಾತು ಕೊಟ್ಟು ಬಂದಿದ್ದ.

ಹೆಂಡತಿ ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. "ಮನೆಗೆ ಬಂದ್ರೂ ನನಗೆ ಹೆರಿಗೆ ವಾರ್ಡೇ ಗತಿನಾ?" ಎಂದಳು.

"ನೀನು ಬೆರಳೂ ಅಲ್ಲಾಡಿಸಬೇಡ. ಈ ಬಾಣಂತನ ಪೂರ್ತಿ ನಂದು!"

ಕೋಳಿ ಸಾಕುವ ಗೆಳೆಯನಿಂದ ಇನ್‌ಕ್ಯುಬೇಟರ್ ಬಂತು. ಗಾಜಿನ ಮುಚ್ಚಳದ, ಮೆಲ್ಲಗೆ ಗುಂಯ್‌ಗುಡುವ ಬೆಚ್ಚನೆಯ ಪೆಟ್ಟಿಗೆ. ಅದನ್ನು ಗಾಳಿ ನುಗ್ಗದ ಕಡೆ ಇಡಬೇಕಂತೆ. ಅಂಥ ಕೋಣೆ ಮನೆಯಲ್ಲಿ ಒಂದೇ ಇತ್ತು. ಅತ್ತೆಯದು!

"ಅಳಿಯಂದಿರೇ, ನಾನು ಮಧ್ಯಾಹ್ನ ಮಲಗೋದು ಬೇಡ್ವಾ?"

"ಮಲಗಿ ಅತ್ತೆ, ಆರಾಮಾಗಿ ಮಲಗಿ. ಮೊಟ್ಟೆಗಳೇನು ಮಾತಾಡ್ತವಾ?"

ಅಲ್ಲಿಂದ ಗಡಿಯಾರದವನು ಈ ಲೋಕದವನಾಗಿ ಉಳಿಯಲಿಲ್ಲ. ಹೊತ್ತುಹೊತ್ತಿಗೆ ಮೊಟ್ಟೆಗಳನ್ನು ಮಗ್ಗುಲು ಬದಲಿಸುತ್ತಿದ್ದ. ತಾಯಿಹಕ್ಕಿ ನೀರಿಗೆ ಹೋಗಿ ಬರುವ ಲೆಕ್ಕದಲ್ಲಿ ದಿನವೂ ಮುಚ್ಚಳ ತೆಗೆದು ತುಸು ಆರಲು ಬಿಟ್ಟು, ಉಗುರುಬೆಚ್ಚನೆಯ ನೀರು ಚಿಮುಕಿಸುತ್ತಿದ್ದ. ಕಿಟಕಿಗೆ ಪರದೆ ಎಳೆದು ಟಾರ್ಚ್ ಹಿಡಿದರೆ ಮೊಟ್ಟೆ ಪುಟ್ಟ ಚಂದ್ರನಂತೆ ಬೆಳಗುತ್ತಿತ್ತು. ಒಳಗೆ ಕೆಂಪು ಎಳೆಗಳ ಜಾಲ, ಅದರ ನಡುವೆ ಏನೋ ಒಂದು ಚುಕ್ಕೆ ತೇಲಾಡಿ, ಮಿಸುಕಿ, ಮತ್ತೆ ಸುಮ್ಮನಾಗುತ್ತಿತ್ತು. ಇವನೂ ಅದರ ಜೊತೆಗೇ ತೇಲುತ್ತಿದ್ದ. ಅಂಗಡಿಯಲ್ಲಿ ಕೂತರೂ ಕಣ್ಣ ಮುಂದೆ ಅದೇ ಬೆಳಕು. ಗಿರಾಕಿಯೊಬ್ಬ ಕೇಳಿಯೇಬಿಟ್ಟ, "ಏನ್ರೀ, ಆಗಿಂದ ನನ್ನ ವಾಚನ್ನ ಮಗ್ಗುಲು ಬದಲಿಸ್ತಾ ಇದೀರಲ್ಲ, ಅದಕ್ಕೇನು ಬೆನ್ನುನೋವಾ?"

ಕಣ್ಣು ಬಿಟ್ಟ ಮರಿ ಮೊದಲು ಕಂಡವರನ್ನೇ ತಾಯಿ ಎಂದುಕೊಳ್ಳುತ್ತದೆ ಎಂದು ಗೆಳೆಯ ಹೇಳಿದ್ದ. ಹಾಗಾಗಿ ಚಿಪ್ಪುಗಳ ಮೇಲೆ ಬಿರುಕು ಕಾಣಿಸಿದ ದಿನ ಗಡಿಯಾರದವನು ನುಣ್ಣಗೆ ಗಡ್ಡ ಹೆರೆದು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನಿಂತ. ತಾಯಿಯಾಗುವುದೆಂದರೆ ಸಾಮಾನ್ಯವೇ!

"ಒಂಚೂರು ಚಿಪ್ಪು ಬಿಡಿಸ್ಲಾ? ಪಾಪ, ಕಷ್ಟಪಡ್ತಿದೆ."

"ಕೈ ಹಾಕಿದ್ರೆ ನೋಡಿ! ಅದು ಯಾವಾಗ ಬರಬೇಕೋ ಆವಾಗ ಬರುತ್ತೆ," ಎಂದು ಗದರಿದಳು ಹೆಂಡತಿ.

ಬಂದವು. ಒಂದೂ ಕೆಡದೆ, ಒಂದೊಂದಾಗಿ ಎಲ್ಲವೂ ಬಂದವು! ಒದ್ದೆ ಚಿಂದಿಯಂತೆ ಬಿದ್ದ ಮರಿಗಳು ನೋಡುನೋಡುತ್ತ ಒಣಗಿ ಹಳದಿ ಹತ್ತಿಯ ಉಂಡೆಗಳಾದವು. ಮಧ್ಯಾಹ್ನದ ಬಿಸಿಲು ಪರದೆಯಿಂದ ಸೋಸಿ ಬಂದು ಕೋಣೆಯೆಲ್ಲ ಜೇನಿನ ಬಣ್ಣವಾಗಿತ್ತು. ಅವನು ಮರಿಗಳನ್ನು ನೆಲದ ಮೇಲೆ ಬಿಟ್ಟು ಮಂಡಿಯೂರಿದ.

"ಬನ್ರೋ ಕಂದಗಳಾ..."

ಮರಿಗಳು ಅವನನ್ನು ನೋಡಿದವು. ಅಡಿಯಿಂದ ಮುಡಿಯವರೆಗೆ ನೋಡಿದವು. ಅಷ್ಟರಲ್ಲಿ ಮಂಚದ ಮೇಲಿಂದ ಗಂಭೀರ ನಾದವೊಂದು ಎದ್ದಿತು: "ಗೊರ್ರ್ರ್... ಪುಸ್!"

ಚಿಪ್ಪಿನೊಳಗೆ ದಿನಾ ಕೇಳಿದ ಸ್ವರ! ಮರಿಗಳು ಪುಳಕಗೊಂಡು, ಚಿಯ್ಯೆಂದು ಕೂಗುತ್ತ, ಅವನ ತೊಡೆ ಹತ್ತಿ ಇಳಿದು, ಸಾಲಾಗಿ ಅತ್ತೆಯ ಮಂಚಕ್ಕೆ ಓಡಿದವು!

ಜೋತುಬಿದ್ದ ಹೊದಿಕೆಯನ್ನು ಯಾರೋ ಜಗ್ಗಿದಂತಾಗಿ ಅತ್ತೆ ಎದ್ದು ಕೂತರು. "ಯಾರ್ರೋ ನೀವೆಲ್ಲ?"

"ನಿನ್ನ ಮಕ್ಕಳಂತೆ ಅಮ್ಮಾ," ಎಂದು ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆಮೇಲೆ ಕೇಳಬೇಕೆ? ಅತ್ತೆ ಬಚ್ಚಲಿಗೆ ಹೋದರೆ ಬಾಗಿಲ ಮುಂದೆ ಪಹರೆ, ತರಕಾರಿಗೆ ಹೊರಟರೆ ಹಿಂದೆ ಮೆರವಣಿಗೆ! ಹೊಟ್ಟೆಕಿಚ್ಚು ತಡೆಯಲಾರದೆ ಗಡಿಯಾರದವನೂ ಒಂದು ದಿನ ನೆಲದ ಮೇಲೆ ಮಲಗಿ, ಕಣ್ಣು ಮುಚ್ಚಿ, ಶಕ್ತಿಮೀರಿ ಗೊರಕೆ ಹೊಡೆದ. ಒಂದು ಮರಿ ಬಂದು ಅವನ ಎದೆ ಹತ್ತಿ ನಿಂತಿತು. ಅವನ ಮೈ ಜುಮ್ಮೆಂದಿತು. ಅದು ಸಾವಧಾನವಾಗಿ ಬಿಳಿ ಅಂಗಿಯನ್ನು ಹಸಿರು ಮಾಡಿ, ಇಳಿದು ಹೋಯಿತು.

ಮರಿಗಳು ಬಲಿತ ಮೇಲೆ ಎಲ್ಲರೂ ಕೆರೆಗೆ ಹೋದರು. ಅತ್ತೆ ಮುಂದೆ, ಮರಿಗಳು ಹಿಂದೆ, ಖಾಲಿ ಬುಟ್ಟಿ ಹೊತ್ತ ಅಳಿಯ ಕೊನೆಗೆ. ದಡದಲ್ಲಿ ಮರಿಗಳು ನಿಂತು ಅತ್ತೆಯ ಮುಖ ನೋಡಿದವು. ಅತ್ತೆ ನಿಟ್ಟುಸಿರಿಟ್ಟು, ಬಟ್ಟೆ ಎತ್ತಿ ಕಟ್ಟಿ, ಮೊಣಕಾಲುದ್ದದ ನೀರಿಗೆ ಇಳಿದರು. ಮರಿಗಳೂ ಬುಳಕ್ಕನೆ ಇಳಿದು ತೇಲಿದವು. ದೂರದಲ್ಲಿ ಗಂಡುಹಕ್ಕಿ ಕುತ್ತಿಗೆ ಎತ್ತಿತು. ಒಂದೊಂದೇ ಹೆಜ್ಜೆ ಇಡುತ್ತ ಬಂದು, ಎಷ್ಟೋ ದಿನಗಳ ಮೇಲೆ ನೀರಿಗಿಳಿದು, ಮರಿಗಳ ಸುತ್ತ ಮೆಲ್ಲಗೆ ಒಂದು ಸುತ್ತು ಈಜಿತು. ಅಲೆಗಳು ಬಳೆಬಳೆಯಾಗಿ ಹರಡಿ ದಡ ಮುಟ್ಟಿದವು.

ಹಾಲಿನವಳು ಕಣ್ಣೊರೆಸಿಕೊಂಡಳು. "ಅಮ್ಮಾ, ಇಷ್ಟೂ ಮರಿ ಉಳಿಸಿದ್ದು ನೀವೇನಾ? ನಾನು ಇವರು ಅಂದ್ಕೊಂಡಿದ್ದೆ."

ಗಡಿಯಾರದವನು ಕೊರಳಪಟ್ಟಿ ಸರಿಮಾಡಿಕೊಂಡು, ವಿನಯದಿಂದ ತಲೆ ತಗ್ಗಿಸಿ, ಅತ್ತೆಯ ಸಾಕ್ಷಿಗಾಗಿ ಕಾದ.

ನೀರಿನ ನಡುವೆ ನಿಂತೇ ಅತ್ತೆ ಹೇಳಿದರು, "ನಾನೇ ಕಣಮ್ಮ. ಆದ್ರೆ ಅಳಿಯಂದಿರ ಉಪಕಾರಾನೂ ಮರೀಬಾರದು. ಪಾಪ, ಸ್ವಿಚ್ ಹಾಕಿಕೊಟ್ರು!"