ಬೀಗರ ಮನೆಗೆ ಚಾಕೊಲೇಟ್ ಉಂಡಿ

ಉಂಡಿ ಕಟ್ಟಲು ಬರುವವರಿಗೆ ಒಂದು ಸೊಕ್ಕಿರುತ್ತದೆ. ನೂರು ಎಕರೆ ಹೊಲ ಇದ್ದವರಿಗೂ ಅಷ್ಟಿರಲಿಕ್ಕಿಲ್ಲ. ಬೆಲ್ಲದ ಪಾಕದ ಒಂದು ಹನಿಯನ್ನು ನೀರಿನ ಬಟ್ಟಲಲ್ಲಿ ಬಿಟ್ಟು, ಬೆರಳಿನಿಂದ ಒತ್ತಿ, "ಇನ್ನೊಂದು ಕುದಿ ಬೇಕು" ಎನ್ನುವಾಗ ನನ್ನ ಮುಖ ನೋಡಬೇಕು ನೀವು, ಡಾಕ್ಟರು ನಾಡಿ ಹಿಡಿದಂತಿರುತ್ತದೆ. ನಮ್ಮತ್ತೆ ಬೈದು ಬೈದು ಕಲಿಸಿದ ವಿದ್ಯೆ ಅದು. ನಾಗರ ಪಂಚಮಿ ಬಂತೆಂದರೆ ಸವಣೂರಿನ ನಮ್ಮ ಓಣಿಯವರು ಪಾಕ ನೋಡಲು ನನ್ನನ್ನೇ ಕರೆಯುತ್ತಾರೆ. ನಾನೂ ಕರೆಯಲೆಂದೇ ಬಾಗಿಲಲ್ಲಿ ನಿಂತಿರುತ್ತೇನೆ.

ಈ ಸಲವಂತೂ ಕಾಲು ನೆಲದ ಮೇಲಿರಲಿಲ್ಲ. ಮಗ ಬಸವರಾಜನಿಗೆ ರಟ್ಟೀಹಳ್ಳಿಯ ಹುಡುಗಿ ನಿಶ್ಚಯವಾಗಿದ್ದಳು. ನಿಶ್ಚಯವಾದ ಹುಡುಗಿಗೆ ಮೊದಲ ಪಂಚಮಿಗೆ ಗಂಡಿನ ಮನೆಯಿಂದ ಸೀರೆ, ಉಂಡಿ ಹೋಗಬೇಕು. ಆ ಡಬ್ಬಿಯನ್ನು ಬೀಗರ ಓಣಿಗೆ ಓಣಿಯೇ ಬಿಚ್ಚಿ ನೋಡುತ್ತದೆ. ಅತ್ತೆ ಎಂಥವಳು ಎನ್ನುವುದು ಅಲ್ಲೇ ತೀರ್ಮಾನ. ಶೇಂಗಾ, ಎಳ್ಳು, ರವೆ, ಬೇಸನ್ ಎಲ್ಲ ಕಟ್ಟಿ ಮುಗಿಸಿದವಳು ಸುಮ್ಮನಿರಬೇಕೋ ಬೇಡವೋ? ಹುಡುಗಿಗೆ ಫೋನ್ ಹಚ್ಚಿ, "ನಿನಗ ಯಾವ ಉಂಡಿ ಸೇರತಾವವ್ವಾ?" ಎಂದೆ. "ಯಾವುದಾದ್ರೂ ನಡೀತತ್ರಿ ಅತ್ತಿ... ಚಾಕ್ಲೇಟ್ ಅಂದ್ರ ಭಾಳ ಸೇರತತ್ರಿ." ಅವಳು ನನಗೆ ಅತ್ತಿ ಎಂದದ್ದು ಅದೇ ಮೊದಲು! ಆ ಹೊತ್ತಿನಲ್ಲಿ ಚಂದ್ರನನ್ನು ಕೇಳಿದ್ದರೂ ಉಂಡಿ ಕಟ್ಟಿ ಕಳಿಸುತ್ತಿದ್ದೆ.

ಮರುದಿನ ಬೆಳಗ್ಗೆಯೇ ಬಸವರಾಜ ದೊಡ್ಡ ಚಾಕೊಲೇಟ್ ಗಟ್ಟಿ, ಗೋಡಂಬಿ, ಬದಾಮಿ ತಂದ. "ಅವ್ವಾ, ಸೀದಾ ಒಲಿ ಮ್ಯಾಲೆ ಇಡಬ್ಯಾಡ. ಬಿಸಿನೀರಿನ ಮ್ಯಾಲೆ ಬೋಗುಣಿ ಇಟ್ಟು ಕರಗಸು. ಬ್ಯಾರೆ ಏನೂ ಹಾಕಬ್ಯಾಡ."

"ನನಗ ಪಾಕ ಹೇಳಿಕೊಡ್ತಿ ಏನೋ?" ಎಂದೆ. ಅವನು ತಲೆ ಬಾಚಿಕೊಳ್ಳಲು ಹೋದ. ಡಬ್ಬಿ ಒಯ್ಯುವವನು ಅವನೇ. ಆಗಲೇ ಮೂರನೇ ಸಲ ಬಾಚುವುದು.

ಚಾಕೊಲೇಟು ಕರಗಿ, ಮೈ ತೊಳೆದ ಎಮ್ಮೆಯಂತೆ ಮಿಂಚತೊಡಗಿತು. ಆದರೆ ನೀರಿಲ್ಲದ ಪಾಕ ಎಂಥ ಪಾಕ? ನಲವತ್ತು ವರ್ಷ ಬೆಲ್ಲಕ್ಕೆ ನೀರು ಹಾಕಿದ ಕೈ, ನನ್ನನ್ನು ಕೇಳದೆಯೇ ಎರಡು ಚಮಚ ನೀರು ಸುರಿಯಿತು. ಅಷ್ಟೇ! ಮಿಂಚುತ್ತಿದ್ದದ್ದು ಕಣ್ಣೆದುರೇ ಮುದುಡಿ ಎರೆಹೊಲದ ಮಣ್ಣಿನ ಹೆಂಟೆಯಾಯಿತು. ಬಸ್ಸಿಗೆ ಇನ್ನೊಂದೇ ತಾಸು.

"ಚಾಂದಬೀ ಚಾಚಿ, ಲಗೂನ ಬರ್ರಿ! ನನ್ನ ಮರ್ಯಾದಿ ಬೋಗುಣ್ಯಾಗ ಕುಂತೈತಿ!" ಎಂದು ಪಕ್ಕದ ಮನೆಗೆ ಕೂಗಿದೆ.

ಚಾಚಿ ಹಿಟ್ಟಿನ ಕೈಯಲ್ಲೇ ಬಂದು ಬಗ್ಗಿ ನೋಡಿದರು. "ಹಾಯ್ ಅಲ್ಲಾ, ಹಬ್ಬ ಮುಂದಿಟಗೊಂಡು ಮಣ್ಣು ಯಾಕ ಕಲಸಿಯವ್ವಾ?"

ನನಗೆ ಅಳುವೇ ಬಂತು.

"ಅಳಬ್ಯಾಡ. ಬಿಸಿ ಹಾಲು ತಾ."

"ನೀರು ಹಾಕಿದ್ದಕ್ಕ ಹಿಂಗಾತ್ರಿ ಚಾಚಿ, ಮತ್ತ ಹಾಲೂ ಹಾಕಿದ್ರ?"

"ಚೂರು ಹಾಕಿದ್ದಕ್ಕ ಸಿಟ್ಟಾಗೇತಿ ಅದು. ಹೊಟ್ಟಿ ತುಂಬ ಹಾಕು, ಸುಮ್ಮನಾಗ್ತತಿ."

ಒಂದೊಂದೇ ಚಮಚ ಹಾಲು ಬೀಳುತ್ತಿತ್ತು, ಚಾಚಿ ತಿರುವುತ್ತಿದ್ದರು, ನಾನು ಎಣಿಸುತ್ತಿದ್ದೆ. ಆರನೆಯ ಚಮಚಕ್ಕೆ ಹೆಂಟೆ ಬಿಟ್ಟುಕೊಂಡು ನುಣ್ಣಗಾಯಿತು! ನಾನು ಕೂಗಿದ ಕೂಗಿಗೆ ಬಸವರಾಜ ಬಾಚಣಿಗೆ ಹಿಡಿದೇ ಓಡಿಬಂದ. ಹುರಿದ ಶೇಂಗಾ, ಗೋಡಂಬಿ, ಬದಾಮಿ ಸುರಿದು, ಕೈಗೆ ತುಪ್ಪ ಸವರಿ ಚಾಚಿ, ನಾನು ಇಬ್ಬರೂ ಕಟ್ಟಿದೆವು, ಒಣಕೊಬ್ಬರಿ ತುರಿಯಲ್ಲಿ ಹೊರಳಿಸಿದೆವು, ಅರ್ಧ ತಾಸು ಫ್ರಿಜ್ಜಿನಲ್ಲಿಟ್ಟೆವು. ಆದರೂ ನನ್ನ ಶೇಂಗಾ ಉಂಡಿಯ ಬಿಗಿ ಬರಲಿಲ್ಲ.

"ಮೆತ್ತಗಾಗ್ಯಾವಲ್ರಿ ಚಾಚಿ?"

"ಮದುವಿ ಆಗೂತನ ಮೆತ್ತಗಿರಲಿ ಬಿಡ. ಅತ್ತಿ ಗಟ್ಟಿ ಆಗಾಕ ಮುಂದ ಟೈಮ್ ಐತಿ."

ಡಬ್ಬಿ ಹೋಯಿತು. ಮಧ್ಯಾಹ್ನವೆಲ್ಲ ಫೋನನ್ನು ಮಡಿಲಲ್ಲಿಟ್ಟುಕೊಂಡು ಕುಳಿತೆ. ನಾಲ್ಕು ಗಂಟೆಗೆ ಅದು ರಿಂಗಾಯಿತು, ಹುಡುಗಿಯದೇ ದನಿ. "ಅತ್ತಿ, ಚಾಕ್ಲೇಟ್ ಉಂಡಿ ನನಗ ಒಂದೂ ಸಿಗಲಿಲ್ರಿ!"

ನಾನು ಎದ್ದೇ ನಿಂತೆ. "ಯಾಕವ್ವಾ, ಕೆಟ್ಟಿದ್ವೇನು?"

"ಅಯ್ಯ ಇಲ್ರಿ! ನಮ್ಮ ಆಯಿಗೆ ಹಲ್ಲಿಲ್ಲ. ಮೆತ್ತಗದಾವು ಅಂತ ಎಲ್ಲಾ ತಗೊಂಡು ಕುಂತಾಳ, ಯಾರಿಗೂ ಕೊಡವಲ್ಲಳು. ಮತ್ತ ಮಾಡಿ ಕಳಸ್ತೀರೇನ್ರಿ?" ಹಿಂದಿನಿಂದ ಮುದಿದನಿಯೊಂದು, "ಎರಡು ಡಬ್ಬಿ ಅಂತ ಹೇಳವ್ವಾ!" ಎಂದಿತು.

ಸೊಸೆಯನ್ನು ಒಲೆಯ ಮುಂದೆ ಕೂಡ್ರಿಸಿ, ನಾನು ಕಟ್ಟೆಯ ಮೇಲೆ ಕುಳಿತು ಹೇಳಿ ಮಾಡಿಸಬೇಕೆಂದು ಎಷ್ಟು ದಿನದಿಂದ ಮನಸ್ಸಿನಲ್ಲೇ ಮಂಡಿಗೆ ತಿಂದಿದ್ದೆ! ಅವಳ ತಲೆಯ ಮೇಲೆ ಇನ್ನೂ ಮದುವೆಯ ಅಕ್ಕಿಕಾಳು ಬಿದ್ದಿಲ್ಲ, ಅವಳು ಮಾತ್ರ ರಟ್ಟೀಹಳ್ಳಿಯಲ್ಲಿ ಕುಳಿತೇ ನನ್ನನ್ನು ಕೆಲಸಕ್ಕೆ ಹಚ್ಚಿದ್ದಳು. ನಾನೋ, ಫೋನ್ ಕೆಳಗಿಡುವ ಮೊದಲೇ ಕುಣಿಯುತ್ತ ಹೋಗಿ ಹಾಲು ಕಾಯಲಿಟ್ಟಿದ್ದೆ.