ಕರೆಂಟಿದ್ದಷ್ಟು ಹೊತ್ತಿನ ವಾರಂಟಿ

ಚಳ್ಳಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಸಣ್ಣ ಎಲೆಕ್ಟ್ರಾನಿಕ್ಸ್ ಅಂಗಡಿ ಇತ್ತು. ಮೊದಲು ಸ್ಟೆಬಿಲೈಸರು, ಎಮರ್ಜೆನ್ಸಿ ಲ್ಯಾಂಪು, ಮೊಬೈಲು ಬಂದ ಮೇಲೆ ಚಾರ್ಜರು. ಈ ಸಾಮಾನುಗಳಿಗೆ ಒಂದು ಕೆಟ್ಟ ಬುದ್ಧಿ. ವಾರಂಟಿ ಇರುವಷ್ಟು ದಿನ ತೆಪ್ಪಗಿರುತ್ತವೆ, ಮುಗಿದ ಕೂಡಲೇ ಕಣ್ಣು ಮುಚ್ಚುತ್ತವೆ. ಕಂಪನಿಯವರು ಎಲ್ಲೋ ತಣ್ಣಗೆ ಕೂತಿರುತ್ತಾರೆ, ಬೈಸಿಕೊಳ್ಳೋಕೆ ನಾನೊಬ್ಬ ಸಿಗುತ್ತೇನೆ. ಅಂಗಡಿ ಇದ್ದಷ್ಟು ವರ್ಷವೂ ಇದೇ ಗೋಳು.

ಪೆಟ್ಟಿಗೆಯ ಸೀರೆ

ಮೊಳಕಾಲ್ಮೂರಿನ ಮಗ್ಗದ ಮನೆಯ ಹೆಂಗಸೊಬ್ಬರು ಬಂದು ಟಿವಿ ಸ್ಟೆಬಿಲೈಸರನ್ನು ಟೇಬಲ್ ಮೇಲೆ ಕುಕ್ಕಿದರು. ಡಬ್ಬ ಹೊಸದು, ಬಿಲ್ಲು ಮಾತ್ರ ಹಳೆಯದು.

"ಲೈಟೇ ಹತ್ತಲ್ಲ ಕಣಪ್ಪಾ, ಬೇರೇದು ಕೊಡು."

"ವಾರಂಟಿ ಮುಗಿದೈತಲ್ಲವ್ವಾ."

"ನಾನು ಡಬ್ಬ ಬಿಚ್ಚಿದ್ದೇ ನಿನ್ನೆ! ಪೆಟ್ಟಿಗೇಲಿರೋ ಸೀರೆ ಹಳೇದಾಗ್ತೈತಾ? ಉಟ್ಟ ಮೇಲೆ ತಾನೇ?"

ಸೀರೆಯ ವಿಷಯದಲ್ಲಿ ರೇಷ್ಮೆ ನೇಯುವವರ ಮಾತೇ ಮಾತು. ಪುಕ್ಕಟೆ ರಿಪೇರಿ ಮಾಡಿಸಿ, "ಇವತ್ತೇ ಟಿವಿಗೆ ಹಾಕ್ರವ್ವಾ, ಮತ್ತೆ ಒಳಗಿಡಬೇಡ್ರಿ" ಎಂದೆ.

"ಟಿವಿ ಎಲ್ಲೈತೆ? ಮಗಳ ಮದುವೇಲಿ ಕೊಡಾನ ಅಂತ ಒಂದೊಂದೇ ಜೋಡಿಸ್ತಿದೀನಿ" ಎಂದು ಅದನ್ನು ಜೋಪಾನವಾಗಿ ಡಬ್ಬಕ್ಕೆ ಹಾಕಿಕೊಂಡರು. ಮಗಳಿನ್ನೂ ಏಳನೇ ಕ್ಲಾಸು.

ಅಜ್ಜನ ಅರ್ಧ

ಉಳ್ಳಾರ್ತಿ ಕಾವಲ್ ಕಡೆಯ ಒಬ್ಬ ಅಜ್ಜನ ಮಗ ಕುರಿಮಂದೆ ಹೊಡೆದುಕೊಂಡು ಆಂಧ್ರದ ಕಡೆ ಹೋಗಿದ್ದ. ಅವನ ಸುದ್ದಿ ಕೇಳಲಿಕ್ಕೆ ಅಜ್ಜನಿಗೆ ಇದ್ದದ್ದು ಮೊಬೈಲೊಂದೇ. ಚಾರ್ಜರ್ ಸತ್ತು ಅದೂ ಮೂಕಾಯಿತು. ನನ್ನಲ್ಲೇ ಕೊಂಡಿದ್ದ ಆ ಚಾರ್ಜರ್ ಹಿಡಿದು ಅಂಗಡಿಗೆ ಬಂದ. ಒಂದು ವರ್ಷದ ವಾರಂಟಿ ಆಗಷ್ಟೇ ಮುಗಿದಿತ್ತು.

"ನಮ್ಮ ಹಟ್ಟೀಲಿ ಕರೆಂಟ್ ಎಷ್ಟೊತ್ತು ಇರ್ತೈತೆ ಹೇಳು" ಎಂದ ಅಜ್ಜ.

"ದಿನಕ್ಕೆ ಅರ್ಧ ಹೊತ್ತು ಇದ್ರೆ ಹೆಚ್ಚು."

"ಅಂದ್ರೆ ನಾನು ಖರ್ಚು ಮಾಡಿರೋದು ಅರ್ಧ ವಾರಂಟಿ. ಇನ್ನರ್ಧ ನಿನ್ನತ್ರನೇ ಐತೆ. ಕೊಡು!"

ಬುತ್ತಿ ಬಿಚ್ಚಿಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಕೂತೇಬಿಟ್ಟ. ಬಂದ ಗಿರಾಕಿಗಳಿಗೆಲ್ಲ ಇದೇ ಲೆಕ್ಕ ಒಪ್ಪಿಸತೊಡಗಿದ. ಸಾಕಪ್ಪಾ ಸಾಕೆಂದು ನನ್ನ ಸ್ವಂತ ಚಾರ್ಜರನ್ನೇ ಕೈಗಿಟ್ಟೆ. ಅಜ್ಜ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದ: "ಇದಕ್ಕೆಷ್ಟು ವಾರಂಟಿ?"

ಕರೆಂಟ್ ಆಫೀಸು

ಮರುವಾರ ಕಂಪನಿಯ ಏಜೆಂಟ್ ಅಂಗಡಿಗೆ ಬಂದ. ಅಜ್ಜನಿಗೆ ಚಾರ್ಜರ್ ಕೊಟ್ಟು ಇಲ್ಲಿ ನನ್ನ ಫೋನೇ ಸತ್ತು ಬಿದ್ದಿತ್ತು. ಅಜ್ಜನ ಲೆಕ್ಕವನ್ನು ಹಾಗೇ ಅವನ ಮುಂದಿಟ್ಟೆ. ಅವನು ನಕ್ಕು, "ಹಟ್ಟೀಲಿ ಕರೆಂಟ್ ಇರಲ್ಲ ಅಂತ ಕರೆಂಟ್ ಆಫೀಸಿಂದ ಬರೆಸ್ಕೊಂಡು ಬನ್ನಿ, ಹೊಸ ಚಾರ್ಜರ್ ಕೊಡ್ತೀನಿ" ಎಂದ.

ತಮಾಷೆಗೆ ಹೇಳಿದ್ದನೋ ಏನೋ, ನಾನು ಬಿಡಲಿಲ್ಲ. ಸಾಕ್ಷಿಗೆಂದು ಅಜ್ಜನನ್ನೂ ಕರೆದುಕೊಂಡು ಕರೆಂಟ್ ಆಫೀಸಿಗೆ ಹೋದೆ. ವಿಷಯ ಕೇಳಿದ್ದೇ ಅಲ್ಲಿನ ಸಾಹೇಬರು ಕೆಂಡವಾದರು.

"ಕರೆಂಟ್ ಇಲ್ಲ ಅಂತ ನಾನೇ ಬರ್ಕೊಡ್ಲೇನ್ರೀ? ನಮ್ಮ ರಿಕಾರ್ಡ್ ಪ್ರಕಾರ ಈ ತಾಲೂಕಲ್ಲಿ ಕರೆಂಟ್ ಹೋಗೋದೇ ಇಲ್ಲ!" ಎಂದು ಟೇಬಲ್ ಗುದ್ದಿದರು. ಗುದ್ದಿದ್ದೇ ತಡ, ಫ್ಯಾನ್ ನಿಂತಿತು. ಕಿಟಕಿಯಿಲ್ಲದ ರೂಮು, ನಡುಮಧ್ಯಾಹ್ನವೇ ಕಗ್ಗತ್ತಲು.

ಕತ್ತಲಲ್ಲಿ ಡ್ರಾಯರ್ ಎಳೆದ ಸದ್ದು. ಆಮೇಲೆ ಟಿಕ್, ಟಿಕ್ ಎಂದು ಸ್ವಿಚ್ಚಿನ ಸದ್ದು. ಬೆಳಕು ಮಾತ್ರ ಬರಲಿಲ್ಲ. ಆಮೇಲೆ ಸಾಹೇಬರ ದನಿ, ಈಗ ಬಹಳ ಮೆತ್ತಗೆ: "ರೀ, ಈ ಎಮರ್ಜೆನ್ಸಿ ಲ್ಯಾಂಪು ನಿಮ್ಮಂಗಡೀದೇ. ವಾರಂಟಿ ಮೊನ್ನೆ ಮುಗೀತು. ಏನಾದ್ರೂ ಮಾಡೋಕಾಗುತ್ತಾ?"

ಆಗಲ್ಲ ಸಾರ್ ಎಂದು ಹೇಳಲು ಬಾಯಿ ತೆರೆದೆ. ಇಷ್ಟು ವರ್ಷದ ಸಿಟ್ಟೆಲ್ಲ ತೀರಿಸಿಕೊಳ್ಳುವ ಗಳಿಗೆ ಅದು. ಅಷ್ಟರಲ್ಲಿ ಅಜ್ಜ ಬಾಯಿ ಹಾಕಿದ.

"ಯಾಕಾಗಲ್ಲ ಸಾಹೇಬ್ರೇ? ಅದು ಕರೆಂಟ್ ಹೋದಾಗ ಮಾತ್ರ ಉರಿಯೋ ದೀಪ. ನಿಮ್ಮ ರಿಕಾರ್ಡಲ್ಲಿ ಕರೆಂಟ್ ಹೋಗೇ ಇಲ್ಲ. ಅಂದ್ಮೇಲೆ ನಿಮ್ಮ ವಾರಂಟಿ ಇನ್ನಾ ಶುರುನೇ ಆಗಿಲ್ಲ, ಪೂರ್ತಿ ಹಂಗೇ ಐತೆ!"

ಸಾಹೇಬರು ಆ ಕತ್ತಲಲ್ಲೇ ತಡಕಾಡಿ, ಲ್ಯಾಂಪನ್ನು ನನ್ನ ಕೈಗೆ ತುರುಕಿದರು.