ಡಾಕ್ಟ್ರಮ್ಮನನ್ನು ಅಡ್ಮಿಟ್ ಮಾಡಿದ್ದು

ಆಸ್ಪತ್ರೆ ಅಂದರೆ ಅಳೋ ಜಾಗ ಅಂತಾರೆ. ನಮ್ಮ ಆಸ್ಪತ್ರೆ ಬಾಗಿಲಲ್ಲಿ ನಿಂತು ಟೋಕನ್ ಕೂಗೋ ನನಗೆ ನಗು ತಡೆಯೋದೇ ಕಷ್ಟ. ಒಂಬತ್ತನೇ ಕ್ಲಾಸು ನನ್ನನ್ನು ಕೈಬಿಟ್ಟ ಮೇಲೆ ಸಿಕ್ಕ ಕೆಲಸ ಇದು. ಬಿಡದಿ ಕಡೆ ಫ್ಯಾಕ್ಟ್ರಿಗಳು ಎದ್ದ ಮೇಲೆ ನಮ್ಮ ಕ್ಯೂ ಗೇಟು ದಾಟಿ ರೋಡಿಗೆ ಬಂತು. ಡಾಕ್ಟರು ಮಾತ್ರ ಒಬ್ಬರೇ, ನಮ್ಮ ಡಾಕ್ಟ್ರಮ್ಮ; ಹಗಲೂ ರಾತ್ರಿ ಅವರೇ ನೋಡಬೇಕು. ನಿದ್ದೆಗೆಟ್ಟವರು ಇರೋ ಕಡೆ ಇಂಥವು ಆಗುತ್ತಲೇ ಇರುತ್ತವೆ.

ಬಸ್ಸಿನಲ್ಲಿ

ನಮ್ಮ ಸಿಸ್ಟರಮ್ಮ ಎರಡು ಪಾಳಿ ಒಟ್ಟಿಗೆ ಮುಗಿಸಿ ಹೊಂಗನೂರು ಬಸ್ ಹತ್ತಿದರು. ನಾನೂ ಇದ್ದೆ. ಕಂಡಕ್ಟರ್ ಟಿಕೆಟ್‌ಗೆ ಕೈ ಚಾಚಿದ. ಸಿಸ್ಟರಮ್ಮ ಆ ಕೈಯನ್ನೇ ಹಿಡಿದು, ನಾಡಿ ಮೇಲೆ ಬೆರಳಿಟ್ಟು, ವಾಚು ನೋಡುತ್ತಾ ಕೂತುಬಿಟ್ಟರು. ಅವನೂ ಬಿಡಿಸಿಕೊಳ್ಳಲಿಲ್ಲ. ಮುಖ ಸಣ್ಣದು ಮಾಡಿಕೊಂಡು, "ಸಿಸ್ಟ್ರೇ, ಏನಾದ್ರೂ ಐತಾ?" ಅಂದ. ಹಿಂದಿನ ಸೀಟಿನ ಅಜ್ಜಿ ಆಗಲೇ ಬಳೆ ಸರಿಸಿಕೊಂಡು ಕೈ ನೀಡಿದ್ದಳು.

ಉದ್ದನೆಯ ಪರೀಕ್ಷೆ

ಒಂದು ದಿನ ಡಾಕ್ಟ್ರಮ್ಮ ಒಬ್ಬ ಗೌಡಜ್ಜನ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು, "ಉಸಿರು ಎಳ್ಕೊಳ್ಳಿ" ಅಂದವರು ಹಾಗೇ ಕುರ್ಚಿಯಲ್ಲಿ ನಿದ್ದೆಹೋದರು. ನಾನು ಇಣುಕಿದರೆ ಅಜ್ಜ ಅಲುಗಾಡದೆ ಕೂತು ನನಗೇ ಗದರಿದ.

"ಸುಮ್ಕಿರ್ಲಾ. ಮಗು ಮಲಗೈತೆ."

ಹೊರಗೆ ಕ್ಯೂ ಗೊಣಗುತ್ತಿತ್ತು. ಒಳಗೆ ಹೊಸ ಥರದ ಟೆಸ್ಟ್ ನಡೀತಾ ಐತೆ ಅಂತ ಒಂದು ಸುಳ್ಳು ಬಿಟ್ಟೆ. ಆಮೇಲೆ ಒಳಗೆ ಹೋದ ಹೆಂಗಸು ಮೂತಿ ಉಬ್ಬಿಸಿಕೊಂಡು ಬಂದಳು. "ಆ ವಯ್ಯಂಗೆ ಅಷ್ಟೊತ್ತು ಇಟ್ರು, ನಂಗೆ ಮುಟ್ಟಿಸಿ ತೆಗೆದ್ಬುಟ್ರು. ಯಾಕೆ, ನಾವು ಮನುಷ್ಯರಲ್ವಾ?"

ಅಡ್ಮಿಟ್

ಕೊನೆಗೆ ಡಾಕ್ಟ್ರಮ್ಮ, ಒಂದು ಹಗಲು ಪೂರ್ತಿ ನಿದ್ದೆ ಸಿಗದಿದ್ದರೆ ಕೆಲಸ ಬಿಟ್ಟು ಹೋಗ್ತೀನಿ ಅಂದರು. ತಮಾಷೆಯಾಗಿರಲಿಲ್ಲ, ಬಟ್ಟೆಬರೆ ಕಟ್ಟಿಟ್ಟಿದ್ದರು. ಅವರು ಹೋದರೆ ಇಲ್ಲಿಗೆ ಇನ್ನೊಬ್ಬರು ಬರೋದು ಅನುಮಾನ. ಸಿಸ್ಟರಮ್ಮ ಹೇಗೋ ಮಾಡಿ ಒಂದು ದಿನಕ್ಕೆ ಮಾಗಡಿಯಿಂದ ಒಬ್ಬ ಡಾಕ್ಟರನ್ನು ಕರೆಸಿದರು.

ಆದರೆ ಡಾಕ್ಟ್ರಮ್ಮ ಮನೇಲಿ ಮಲಗಿದರೆ ಜನ ಬಾಗಿಲು ಬಡೀತಾರೆ. ಅದಕ್ಕೆ ನಾನೊಂದು ಉಪಾಯ ಹೇಳಿದೆ. ವಾರ್ಡಿನಲ್ಲೇ ಮಲಗಿಸಿ, ಪಕ್ಕಕ್ಕೆ ಗ್ಲೂಕೋಸ್ ಸ್ಟ್ಯಾಂಡ್ ನಿಲ್ಲಿಸಿ, ಹುಷಾರಿಲ್ಲ ಅಂತ ಹೇಳೋದು. ರೋಗಿಯನ್ನು ಯಾರು ಎಬ್ಬಿಸ್ತಾರೆ?

ನಮ್ಮ ಜನ ಎಬ್ಬಿಸ್ತಾರೆ. ಅಡ್ಮಿಟ್ ಆದವರನ್ನು ನೋಡೋಕೆ ಹೋಗದಿದ್ದರೆ ನಮ್ಮ ಕಡೆ ಅದು ದೊಡ್ಡ ತಪ್ಪು. ಬೆಳಗಾಗುತ್ತಲೇ ಓಪಿಡಿ ಕ್ಯೂ ಪೂರ್ತಿ ವಾರ್ಡಿಗೆ ತಿರುಗಿತು. ಬ್ರೆಡ್ಡು, ಮೋಸಂಬಿ, ಎಳನೀರು. ಬಂದವರೆಲ್ಲ ಹಣೆ ಮುಟ್ಟಿ ಎಬ್ಬಿಸಿ, ಚೆನ್ನಾಗಿ ನಿದ್ದೆ ಮಾಡು ಅಂತ ಬುದ್ಧಿ ಹೇಳಿ ಹೋದರು.

ಕಬ್ಬಾಳಿನ ಒಬ್ಬ ಅಜ್ಜಿ ಮಾತ್ರ ಹೋಗಲಿಲ್ಲ. ಮಂಚದ ತುದಿಯಲ್ಲಿ ಕೂತು, ಸೀರೆ ಮೊಣಕಾಲ ತನಕ ಎತ್ತಿ, "ಅವ್ವ, ಹೆಂಗೂ ಬಿಡುವಾಗಿದ್ದೀಯ. ಒಸಿ ನನ್ನ ಮಂಡಿ ನೋಡ್ಬುಡು" ಅಂದಳು.

ಡಾಕ್ಟ್ರಮ್ಮ ನನ್ನ ಕಡೆ ಒಂದು ನೋಟ ಬೀರಿದರು. ನಾನು ಕಂಬಳಿ ಮಡಚೋ ಕೆಲಸ ಹುಡುಕಿಕೊಂಡೆ. ಆಮೇಲೆ ಅವರಿಗೇ ನಗು ಬಂದು, ಎದ್ದು ಕೂತು ಮಂಡಿ ನೋಡಿದರು. ಅಷ್ಟೇ, ಅಜ್ಜಿ ಹಿಂದೆ ಸಾಲು ನಿಂತಿತು.

ಸಾಯಂಕಾಲ ಮಾಗಡಿ ಡಾಕ್ಟರ ನೆನಪಾಗಿ ಓಪಿಡಿಗೆ ಓಡಿದೆ. ಹಿಂದೆಯೇ ಡಾಕ್ಟ್ರಮ್ಮನೂ ಬಂದರು. ಬೆಳಗಿಂದ ಅಲ್ಲಿಗೆ ಒಂದು ನರಪಿಳ್ಳೆಯೂ ಹೋಗಿರಲಿಲ್ಲ. ಡಾಕ್ಟರು ಮೇಜಿನ ಮೇಲೆ ತಲೆಯಿಟ್ಟು ಗೊರಕೆ ಹೊಡೀತಿದ್ದರು. ಎಬ್ಬಿಸಿದೆ. ಮೈ ಮುರಿದು ನನ್ನ ಕೈ ಹಿಡಿದುಕೊಂಡರು.

"ಇಂಥ ಆಸ್ಪತ್ರೆ ನಾನು ಕಂಡೇ ಇಲ್ಲ ಕಣಯ್ಯ. ನಿಮ್ಮ ಡಾಕ್ಟ್ರಮ್ಮ ಬಿಟ್ಟು ಹೋದ್ರೆ ಹೇಳು, ನಾನೇ ಬಂದ್ಬಿಡ್ತೀನಿ."

ಬಾಗಿಲಲ್ಲಿ ನಿಂತಿದ್ದ ಡಾಕ್ಟ್ರಮ್ಮ ಅಂದರು: "ನಾನೆಲ್ಲೂ ಹೋಗಲ್ಲ, ನೀವೂ ಬನ್ನಿ ಸಾರ್. ನಾಳೆ ಅಡ್ಮಿಟ್ ಆಗೋ ಸರದಿ ನಿಮ್ಮದು, ಓಪಿಡೀಲಿ ಮಲಗೋ ಸರದಿ ನನ್ನದು."